ನೋಡದ ಸರಕು, ನಂಬಿದ ಗಿರಾಕಿ

ಅಂಗಡಿಯ ಮೆಟ್ಟಿಲು ಹತ್ತದೆ ಸಾಮಾನು ತರಿಸಿಕೊಳ್ಳುವುದು ಮೊಬೈಲ್ ಫೋನಿನೊಡನೆ ಹುಟ್ಟಿದ ಪದ್ಧತಿಯೆಂದು ನಮ್ಮಲ್ಲಿ ಅನೇಕರ ಎಣಿಕೆ. ನಿಜವಾಗಿ ಅದಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. ಕಾಸಿಗೆ ಬರೆಸಿದ ಹೊಗಳಿಕೆ, ಹೇಳಿದ ದಿನಕ್ಕೆ ಬಾರದ ಪಾರ್ಸೆಲ್ ಎಂಬ ಎರಡು ದೂರುಗಳೂ ಹೆಚ್ಚುಕಡಿಮೆ ಅಷ್ಟೇ ಹಳೆಯವು.

1872ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಆರನ್ ಮಾಂಟ್ಗಮರಿ ವಾರ್ಡ್ ಎಂಬ ವ್ಯಾಪಾರಿ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಅಚ್ಚು ಹಾಕಿಸಿ ಹಳ್ಳಿಯ ರೈತರಿಗೆ ಕಳುಹಿಸಿದ. ಮುಖ ಕಾಣದ ವ್ಯಾಪಾರಿಯನ್ನು ಜನ ನಂಬುವುದು ಹೇಗೆ? ಸರಕು ಮೆಚ್ಚದಿದ್ದರೆ ಹಣ ವಾಪಸು ಎಂದು ಆತ 1875ರಲ್ಲಿ ಸಾರಿದ. ಅಂಚೆ ವ್ಯಾಪಾರ ಬೆಳೆದದ್ದು ಇಂಥ ಮಾತಿನ ಆಧಾರದ ಮೇಲೆ.

ನಮ್ಮ ದೇಶದಲ್ಲಿ ಈ ನಂಬಿಕೆಯ ಹೊಣೆ ಹೊತ್ತದ್ದು ಅಂಚೆ ಇಲಾಖೆ. 1877ರಲ್ಲಿ ವಿ.ಪಿ.ಪಿ. ಪದ್ಧತಿ ಜಾರಿಗೆ ಬಂತು; 1880ರಲ್ಲಿ ಮನಿಯಾರ್ಡರೂ ಬಂತು. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ಹಣ ಪಡೆದು ಪಾರ್ಸೆಲ್ ಕೊಡುತ್ತಿದ್ದ. ಆ ಹಣ ಮನಿಯಾರ್ಡರಿನ ಮೂಲಕ ವ್ಯಾಪಾರಿಗೆ ಸೇರುತ್ತಿತ್ತು. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಭಯಕ್ಕೆ ಇದು ತಕ್ಕ ಮದ್ದೆನಿಸಿತು. ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದ ನಮ್ಮವರ ಮನೆಗಳಿಗೆ ಧಾರವಾಡ, ಮೈಸೂರು, ಬೆಂಗಳೂರಿನ ಪ್ರಕಾಶಕರ ಪುಸ್ತಕಗಳು ಬಂದದ್ದೂ ಈ ದಾರಿಯಿಂದಲೇ.

ಆದರೆ ಹಣ ಕೊಟ್ಟ ಮೇಲೆಯೇ ಗಂಟು ಬಿಚ್ಚಬೇಕಾಗಿತ್ತು. ಒಳಗೆ ಏನಿದೆಯೋ ದೇವರೇ ಬಲ್ಲ! ಆದಕಾರಣ 1898ರ ಅಂಚೆ ಕಾಯಿದೆ, ಗಿರಾಕಿಯ ನಿಜವಾದ ಬೇಡಿಕೆಯಿಲ್ಲದೆ ವಿ.ಪಿ. ಕಳುಹಿಸಕೂಡದೆಂದು ವಿಧಿಸಿತು, ಮೋಸ ನಡೆದಲ್ಲಿ ವಸೂಲಾದ ಹಣವನ್ನು ತಡೆಹಿಡಿದು ಮರಳಿಸುವ ನಿಯಮಗಳಿಗೂ ಎಡೆಮಾಡಿಕೊಟ್ಟಿತು. ತರಿಸಿಕೊಂಡವನೇ ಬೇಡವೆಂದು ಹಿಂದಿರುಗಿಸಿದರೆ ನಷ್ಟ ವ್ಯಾಪಾರಿಯದು. ವಂಚನೆ ಒಂದೇ ಕಡೆಯದಲ್ಲ ಎಂಬುದನ್ನೂ ನಾವು ಮರೆಯುವಂತಿಲ್ಲ.

ಇನ್ನು ಹೊಗಳಿಕೆಯ ಮಾತು. ಹತ್ತೊಂಬತ್ತನೆಯ ಶತಮಾನದ ಔಷಧದ ಜಾಹೀರಾತುಗಳಲ್ಲಿ 'ಗುಣಮುಖರಾದವರ' ಪತ್ರಗಳದೇ ಮೆರವಣಿಗೆ. ಅಮೆರಿಕದಲ್ಲಿ ಲಿಡಿಯಾ ಪಿಂಕ್‌ಹ್ಯಾಮ್ ಎಂಬಾಕೆಯ ಹೆಸರಿನ ಔಷಧ ಮನೆಮಾತಾಗಿತ್ತು. ನಿಮ್ಮ ಕಷ್ಟವನ್ನು ಶ್ರೀಮತಿ ಪಿಂಕ್‌ಹ್ಯಾಮರಿಗೆ ಬರೆಯಿರಿ ಎಂದು ಜಾಹೀರಾತು ಹೆಂಗಸರನ್ನು ಕರೆಯುತ್ತಿತ್ತು. 1905ರಲ್ಲಿ ಒಂದು ಮಹಿಳಾ ಪತ್ರಿಕೆ ಆಕೆಯ ಗೋರಿಯ ಚಿತ್ರವನ್ನೇ ಅಚ್ಚು ಮಾಡಿತು; ಆಕೆ ತೀರಿಕೊಂಡದ್ದು 1883ರಲ್ಲಿ! ಮರುವರ್ಷವೇ, 1906ರಲ್ಲಿ, ಅಲ್ಲಿ ಆಹಾರ ಮತ್ತು ಔಷಧಗಳ ಶುದ್ಧತೆಯ ಕಾಯಿದೆ ಬಂತು.

ಇಂಗ್ಲೆಂಡಿನಲ್ಲಿ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪೆನಿ ತನ್ನ ಸಾಧನವನ್ನು ಹೇಳಿದಂತೆ ಬಳಸಿದ ಮೇಲೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುವುದಾಗಿ 1891ರಲ್ಲಿ ಸಾರಿತು. ಬಳಸಿದ ಶ್ರೀಮತಿ ಕಾರ್ಲಿಲ್‌ಗೆ ಜ್ವರ ಬಂತು. ಅದು ಬರಿಯ ಜಾಹೀರಾತಿನ ಮಾತೆಂದು ಕಂಪೆನಿ ವಾದಿಸಿತು. 1,000 ಪೌಂಡ್ ಬ್ಯಾಂಕಿನಲ್ಲಿಟ್ಟಿದ್ದೇವೆಂದು ನೀವೇ ಸಾರಿದ್ದೀರಲ್ಲ ಎಂದು ನ್ಯಾಯಾಲಯ 1892ರಲ್ಲಿ ಆಕೆಯ ಪರ ತೀರ್ಪಿತ್ತಿತು. ಆಡಿದ ಮಾತಿಗೆ ಮಾರುವವನೇ ಹೊಣೆ ಎಂಬ ಆ ತೀರ್ಪನ್ನು ನಮ್ಮ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ವಿಳಂಬದ ದೂರಿಗೆ ಕಾನೂನು ಕಿವಿಗೊಟ್ಟದ್ದು ತಡವಾಗಿ. ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ಸರಕು ಕಳುಹಿಸಬೇಕು; ಆಗದಿದ್ದರೆ ಗಿರಾಕಿಯ ಒಪ್ಪಿಗೆ ಕೇಳಬೇಕು, ಇಲ್ಲವೆ ಹಣ ಹಿಂದಿರುಗಿಸಬೇಕು ಎಂಬ ನಿಯಮವನ್ನು ಅಮೆರಿಕ 1975ರಲ್ಲಿ ಮಾಡಿತು.

ಆನ್‌ಲೈನ್ ಅಂಗಡಿಗಳು ಈ ಹಳೆಯ ಜಾಡಿನಲ್ಲೇ ನಡೆದವು. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, 2010ರಲ್ಲಿ 'ಕ್ಯಾಷ್ ಆನ್ ಡೆಲಿವರಿ' ತಂದಿತು. ಅದು ವಿ.ಪಿ.ಪಿ.ಯ ಮೊಮ್ಮಗನಲ್ಲದೆ ಮತ್ತೇನು? 1995ರಲ್ಲಿ ಮಾರಾಟಕ್ಕಿಳಿದ ಅಮೆಜಾನ್, ಕೊಂಡವರೇ ಅಭಿಪ್ರಾಯ ಬರೆಯಲು ಅವಕಾಶ ಕೊಟ್ಟಿತು. 2004ರಲ್ಲಿ ಅದರ ಕೆನಡಾ ವಿಭಾಗದಲ್ಲಿ ಯಂತ್ರದೋಷದಿಂದ ಅನಾಮಿಕರ ನಿಜನಾಮಗಳು ಬಯಲಾದಾಗ, ಕೆಲವು ಲೇಖಕರು ತಮ್ಮ ಪುಸ್ತಕವನ್ನು ತಾವೇ ಹೊಗಳಿಕೊಂಡದ್ದು ಕಂಡುಬಂತು!

ಮಾರುವವನು ಗಿರಾಕಿಯ ವೇಷದಲ್ಲಿ ಅಭಿಪ್ರಾಯ ಬರೆಯಕೂಡದೆಂದು ನಮ್ಮ 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. 2022ರಲ್ಲಿ ಭಾರತೀಯ ಮಾನಕ ಸಂಸ್ಥೆ ಇಂಥ ಅಭಿಪ್ರಾಯಗಳಿಗಾಗಿಯೇ ಐ.ಎಸ್. 19000 ಎಂಬ ಮಾನಕವನ್ನು ಪ್ರಕಟಿಸಿತು. ಆದರೆ ಪಾಲನೆಯನ್ನು ಆಗ ಕಡ್ಡಾಯ ಮಾಡಲಿಲ್ಲ. 2024ರಲ್ಲಿ ಅಮೆರಿಕವೂ ಸುಳ್ಳು ಅಭಿಪ್ರಾಯಗಳನ್ನು ನಿಷೇಧಿಸಿತು.

ಇತಿಹಾಸ ಹೇಳುವ ಪಾಠ ಇಷ್ಟೆ: ಮೋಸ ಮುಂದೆ ಓಡುತ್ತದೆ, ಕಾನೂನು ಹಿಂದಿನಿಂದ ಬರುತ್ತದೆ. ನಡುವಿನ ಆ ಅವಧಿಯಲ್ಲಿ ಗಿರಾಕಿಯನ್ನು ಕಾಯುವುದು ಇನ್ನೊಬ್ಬ ಗಿರಾಕಿಯ ಪ್ರಾಮಾಣಿಕ ಮಾತು. ಹಿಂದೆ ನಾವು ಸಾಕ್ಷಿಪತ್ರಗಳನ್ನು ಓದುವವರಾಗಿದ್ದೆವು. ಈಗ ಬರೆಯುವವರೂ ನಾವೇ. ಐವತ್ತು ರೂಪಾಯಿಯ ರಿಯಾಯಿತಿಗಾಗಿ ಐದು ನಕ್ಷತ್ರ ಕೊಟ್ಟರೆ, ಅದನ್ನು ನಂಬಿ ಔಷಧವನ್ನೋ ಮಗುವಿನ ಆಟಿಕೆಯನ್ನೋ ಕೊಳ್ಳುವವರು ನಮ್ಮಂಥವರೇ. ನಮ್ಮ ಸಹಿಯಿಲ್ಲದಿದ್ದರೂ ಆ ಮಾತು ಸಾಕ್ಷಿಯೇ ಸರಿ.