ಬಿಸಿ ಲೋಹ ಮತ್ತು ನೀರಿನ ಶಾಖ ವಿನಿಮಯ: ಲೆಕ್ಕದ ಇತಿಹಾಸ

ಕಾದ ಲೋಹ ಕಳೆದುಕೊಂಡ ಶಾಖವೂ ತಣ್ಣೀರು ಪಡೆದ ಶಾಖವೂ ಸಮವೆಂದು ಹಿಡಿದು, ಎರಡೂ ಕೊನೆಗೆ ಯಾವ ಉಷ್ಣತೆಯಲ್ಲಿ ನಿಲ್ಲುತ್ತವೆ ಎಂದು ಕಂಡುಹಿಡಿಯುವ ವಿಧಾನವಿದು. 1 ಕಿಲೋ ಕಬ್ಬಿಣವನ್ನು 1 ಡಿಗ್ರಿ ಸೆಲ್ಸಿಯಸ್ ಕಾಸಲು ಸುಮಾರು 0.45 ಕಿಲೋಜೌಲ್ ಸಾಕು; ಇದೇ ಅದರ ವಿಶಿಷ್ಟೋಷ್ಣ. ಅಷ್ಟೇ ನೀರಿಗೆ 4.18 ಬೇಕು. ಕುಲುಮೆಯಲ್ಲಿ 500 ಡಿಗ್ರಿಗೆ ಕಾದ 1 ಕಿಲೋ ತೂಕದ ಕುಳವನ್ನು 25 ಡಿಗ್ರಿಯ 10 ಲೀಟರ್ ನೀರಿಗೆ ಅದ್ದಿದರೆ, ಈ ಲೆಕ್ಕದಂತೆ ಎರಡೂ 30 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತವೆ.

ಇದನ್ನು ಮೊದಲು ಕಂಡವರು ಯಾರೆಂಬುದರಲ್ಲಿ ಗೊಂದಲವಿದೆ. ಪೀಟರ್ಸ್‌ಬರ್ಗ್‌ನ ರಿಕ್‌ಮನ್ 1750ರಲ್ಲಿ ಪ್ರಕಟಿಸಿದ ಸೂತ್ರ ಬಿಸಿನೀರು–ತಣ್ಣೀರಿನ ಬೆರಕೆಗೆ ಸರಿಹೊಂದುತ್ತಿತ್ತು. ಪ್ರತಿ ವಸ್ತುವಿನ ಶಾಖಗ್ರಹಣ ಶಕ್ತಿ ಬೇರೆಯೆಂಬುದು ಅದರಲ್ಲಿರಲಿಲ್ಲ. ಆ ಭೇದವನ್ನು ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ 1760ರ ವೇಳೆಗೆ ಗುರುತಿಸಿ ಪಾಠದಲ್ಲಿ ಹೇಳುತ್ತಿದ್ದ, ಅಚ್ಚು ಹಾಕಿಸಲಿಲ್ಲ. 1799ರಲ್ಲಿ ಅವನು ತೀರಿಕೊಂಡ. ಉಪನ್ಯಾಸಗಳು ಹೊರಬಂದದ್ದು 1803ರಲ್ಲಿ. ಅಷ್ಟರೊಳಗೆ, 1781ರಲ್ಲೇ, ಸ್ವೀಡನ್ನಿನ ಯೋಹಾನ್ ವಿಲ್ಕೆ ಕಾದ ಲೋಹದ ತುಂಡುಗಳನ್ನು ಹಿಮದಷ್ಟು ತಣ್ಣನೆಯ ನೀರಿಗೆ ಇಳಿಬಿಟ್ಟು ಅಳೆದ ಫಲಿತಾಂಶಗಳನ್ನು ಪ್ರಕಟಿಸಿದ್ದ. ಕಲ್ಪನೆ ಬ್ಲ್ಯಾಕ್‌ನದು ಮೊದಲು, ಆದರೆ ಲೋಹ–ನೀರಿನ ಪ್ರಯೋಗದ ದಾಖಲೆಯಲ್ಲಿ ವಿಲ್ಕೆಗೆ ಸಲ್ಲಬೇಕಾದ ಜಾಗ ಪಠ್ಯಪುಸ್ತಕಗಳಲ್ಲಿ ಸಿಕ್ಕಿಲ್ಲ.

ಸೂತ್ರಕ್ಕೆ ಮಿತಿಗಳಿವೆ. ಉಷ್ಣತೆ ಏರಿದಂತೆ ಕಬ್ಬಿಣದ ವಿಶಿಷ್ಟೋಷ್ಣವೂ ಏರುತ್ತದೆ. ಹಾಗಾಗಿ ಕೆಂಪಗೆ ಕಾದ ಕುಳದ ಲೆಕ್ಕಕ್ಕೆ 0.45 ಸಾಲದು. ಜೊತೆಗೆ ನೀರಿನ ಒಂದು ಪಾಲು ಚುಂಯ್ ಎಂದು ಆವಿಯಾಗಿ ಶಾಖವನ್ನು ಹೊತ್ತೊಯ್ಯುತ್ತದೆ. ಅತಿ ಬಿಸಿಯಾದ ಲೋಹದ ಸುತ್ತ ಆವಿಯ ಪೊರೆ ಕಟ್ಟಿ ಶಾಖದ ಹರಿವನ್ನೇ ನಿಧಾನಿಸುವುದನ್ನು ಲೈಡನ್‌ಫ್ರಾಸ್ಟ್ 1756ರಲ್ಲಿ ವಿವರಿಸಿದ. 1934ರಲ್ಲಿ ಜಪಾನಿನ ನುಕಿಯಾಮ ಕುದಿತದ ಹಂತಗಳನ್ನು ಅಳೆದು ರೇಖೆಯಾಗಿ ತೋರಿಸಿದ ಮೇಲೆ ಶಾಖ ಹರಿಯುವ ವೇಗದ ಲೆಕ್ಕಕ್ಕೆ ಗಟ್ಟಿ ಆಧಾರ ಸಿಕ್ಕಿತು.

ಆವಿಯನ್ನು ಬಿಟ್ಟರೆ ಲೆಕ್ಕ ಎಷ್ಟು ತಪ್ಪುತ್ತದೆ ಎಂಬುದಕ್ಕೆ ಮಂಡ್ಯ ಸೀಮೆಯ ಆಲೆಮನೆಗಿಂತ ಒಳ್ಳೆಯ ಉದಾಹರಣೆ ಇಲ್ಲ.  ಮಂಡ್ಯ, ಮದ್ದೂರು, ಮಳವಳ್ಳಿಯ ಆಲೆಮನೆಗಳಲ್ಲಿ ಒಲೆಯ ಬೆಂಕಿಗೆ ಕೊಪ್ಪರಿಗೆಯ ತಳ ಕಾಯುತ್ತದೆ, ತಳದಿಂದ ಕಬ್ಬಿನ ಹಾಲಿಗೆ ಶಾಖ ಇಳಿಯುತ್ತದೆ. ಮಡ್ಡಿ ತೆಗೆದು ಪಾಕ ಸುಮಾರು 118 ಡಿಗ್ರಿಗೆ ಬಂದಾಗ ಕೊಪ್ಪರಿಗೆ ಇಳಿಸುತ್ತಾರೆ.

100 ಕಿಲೋ ಹಾಲನ್ನು 25ರಿಂದ 100 ಡಿಗ್ರಿಗೆ ತರಲು ಸುಮಾರು 28,000 ಕಿಲೋಜೌಲ್ ಬೇಕು. ಅದರಲ್ಲಿರುವ 80 ಕಿಲೋದಷ್ಟು ನೀರನ್ನು ಆವಿ ಮಾಡಲು, ಕಿಲೋಗೆ 2,257ರಂತೆ, 1,80,000 ದಾಟುತ್ತದೆ. ರಚ್ಚಿನ, ಅಂದರೆ ಅರೆದ ಕಬ್ಬಿನ ಸಿಪ್ಪೆಯ, ಬೆಂಕಿಯ ಬಹುಪಾಲು ಹೋಗುವುದು ನೀರನ್ನು ಆವಿಯಾಗಿಸುವ ಈ ಶಾಖಕ್ಕೇ, ಬ್ಲ್ಯಾಕ್ ಕಂಡ ಗುಪ್ತೋಷ್ಣಕ್ಕೇ. ಹಲವು ಕೊಪ್ಪರಿಗೆಗಳ ಒಲೆಯಲ್ಲಿ ಹೊರಹೋಗುವ ಹೊಗೆಯೇ ಮುಂದಿನ ಪಾಕದ ಹಾಲನ್ನು ಬಿಸಿ ಮಾಡುತ್ತದೆ. ಕುದಿಯುವ ತನಕ ಕಾಸಿಕೊಟ್ಟರೂ ಅದರಿಂದಾಗುವ ಉಳಿತಾಯ ಒಟ್ಟು ಶಾಖದ ಏಳನೇ ಒಂದು ಪಾಲಿನಷ್ಟು.