ಸರಳೆ ಸಿಳ್ಳಾರ

ಸರಳೆ ಸಿಳ್ಳಾರ (ಮಯೊಫೋನಸ್ ಹಾರ್ಸ್‌ಫೀಲ್ಡಿ) ತೇವ ತುಂಬಿದ ಬೆಟ್ಟದ ಕಾಡುಗಳಲ್ಲಿ, ಹರಿಯುವ ನೀರಿನ ಆಸುಪಾಸು ಬದುಕುವ ಹಾಡುಹಕ್ಕಿ. ಪಶ್ಚಿಮ ಘಟ್ಟವೇ ಇದರ ಮುಖ್ಯ ನೆಲೆ. ಸಾತ್ಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲೂ ಇದೆ. ಮಹಾರಾಷ್ಟ್ರದಲ್ಲಿ ಇದನ್ನು ಶೀಳಕರಿ ಕಸ್ತೂರ್ ಎನ್ನುತ್ತಾರೆ. 1831ರಲ್ಲಿ ಪ್ರಾಣಿಶಾಸ್ತ್ರಜ್ಞ ವಿಗರ್ಸ್ ಇದನ್ನು ಮೊದಲು ವರ್ಣಿಸಿದ. ವೈಜ್ಞಾನಿಕ ಹೆಸರಿನಲ್ಲಿರುವುದು ನಿಸರ್ಗತಜ್ಞ ಥಾಮಸ್ ಹಾರ್ಸ್‌ಫೀಲ್ಡ್‌ನ ನೆನಪು.

ಉದ್ದ ಸುಮಾರು 25 ಸೆಂ.ಮೀ. ಗಂಡು ಹೆಣ್ಣು ನೋಡಲು ಒಂದೇ ತರಹ. ಕಾಡಿನ ಮಬ್ಬಿನಲ್ಲಿ ಬರೀ ಕಪ್ಪು ಹಕ್ಕಿ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಹಣೆ, ಹೆಗಲು ಹೊಳೆಯುವ ನೀಲಿಗೆ ತಿರುಗುತ್ತವೆ. ಒದ್ದೆ ಬಂಡೆಯ ಮೇಲೆ ಕುಪ್ಪಳಿಸುತ್ತ, ಬಾಲವನ್ನು ಬಿಚ್ಚಿ ಮುಚ್ಚಿ ಮಾಡುತ್ತ ನೀರುಹುಳು, ಬಸವನಹುಳು, ಏಡಿ, ಪುಟ್ಟ ಕಪ್ಪೆಗಳನ್ನು ಹೆಕ್ಕುತ್ತದೆ. ಕಾಡುಹಣ್ಣನ್ನೂ ಬಿಡುವುದಿಲ್ಲ.

ಇದರ ಖ್ಯಾತಿಯೆಲ್ಲ ಕಂಠದ್ದು. ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ನಿಧಾನವಾದ ಸಿಳ್ಳೆ ಶುರುವಾಗುತ್ತದೆ: ಯಾವುದೋ ಹಾಡನ್ನು ಗುನುಗುತ್ತ ಹೊರಟ ಹುಡುಗ ನಡುವೆ ಧಾಟಿ ಮರೆತು ಬೇರೆಲ್ಲೋ ಹೊರಳಿದ ಹಾಗೆ. ಆಗುಂಬೆ, ಕುದುರೆಮುಖ, ಕೊಡಗಿನ ಕಡೆ ಮೊದಲ ಸಲ ಕೇಳಿದವರು ಯಾರೋ ಮನುಷ್ಯರೇ ಎಂದುಕೊಳ್ಳುವುದು ಸಹಜ. ಚಳಿಗಾಲದಲ್ಲಿ ಹಾಡು ನಿಂತು, ಚುರುಕಾದ ಒಂಟಿ ಕೂಗಷ್ಟೇ ಉಳಿಯುತ್ತದೆ.

ಮುಂಬಯಿಗೂ ಈ ಹಕ್ಕಿ ಪರಕೀಯವಲ್ಲ. ಆದರೆ ನಗರದ ವಿಕ್ರೋಳಿ ಬಡಾವಣೆಯ ಪೂರ್ವಕ್ಕಿರುವ ಠಾಣೆ ಖಾರಿಯ (ಕಡಲ ಹಿನ್ನೀರಿನ) ಕಾಂಡ್ಲಾಕಾಡು ಇದರ ಜಾಗವಲ್ಲ. ಇದನ್ನು ಕಾಣಲು ಅಲ್ಲಿಂದ ಪವಾಯಿ ಬಡಾವಣೆ ದಾಟಿ, ವಿಹಾರ್, ತುಳಸಿ ಕೆರೆಗಳನ್ನು ಒಳಗೊಂಡ ಸುಮಾರು 104 ಚದರ ಕಿ.ಮೀ.ಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಬೆಟ್ಟಗಳಿಗೆ ಹೋಗಬೇಕು. ಅಲ್ಲಿನ ಹಳ್ಳಗಳಲ್ಲಿ ಹೆಚ್ಚಿನವು ಬೇಸಿಗೆಗೆ ಬತ್ತುತ್ತವೆ. ಜೂನ್ ಮಳೆ ಇಳಿದ ಮೇಲೆ ನೀರೂ ಹಾಡೂ ಒಟ್ಟಿಗೆ ಏರುತ್ತವೆ.

ಗೂಡು ಕಟ್ಟುವುದೂ ಬಹುಮಟ್ಟಿಗೆ ಮಳೆಯ ಹೊತ್ತಿಗೇ. ತೊರೆಯ ಪಕ್ಕದ ಬಂಡೆಯ ಸಂದಿನಲ್ಲಿ ಪಾಚಿ, ಬೇರುಗಳ ಬಟ್ಟಲು. ಒಳಗೆ 2ರಿಂದ 4 ಮೊಟ್ಟೆ. ಕೆಲವೊಮ್ಮೆ ಸೇತುವೆ, ಕಟ್ಟಡಗಳ ಚಾಚಿನಲ್ಲೂ ಕಟ್ಟುತ್ತದೆ. ಒಗ್ಗಿದ ಜಾಗಕ್ಕೆ ಮರುವರ್ಷವೂ ಮರಳುವುದುಂಟು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅಪಾಯಕ್ಕೆ ಸಿಲುಕಿದ ಹಕ್ಕಿಗಳ ಸಾಲಿಗೆ ಸೇರಿಸಿಲ್ಲ. ಆದರೂ ಇದರ ನೆಲೆಯನ್ನು ಮರಗಳ ಲೆಕ್ಕದಿಂದಷ್ಟೇ ಅಳೆಯುವುದು ತಪ್ಪು. ಕಾಡನ್ನು ಹಾಗೇ ಬಿಟ್ಟು ಹಳ್ಳದ ನೀರನ್ನು ತಿರುಗಿಸಿದರೂ, ಅದರ ಅಂಚಿಗೆ ಕಾಂಕ್ರೀಟ್ ಹಾಕಿದರೂ, ಸಿಳ್ಳಾರಕ್ಕೆ ಮೇವೂ ಗೂಡಿನ ಜಾಗವೂ ತಪ್ಪಿಹೋಗುತ್ತವೆ.