ಹೊಸಿಲು ದಾಟಿದ ನಾಯಿ

ಹೋದ ದೀಪಾವಳಿಗೆ ನಮ್ಮ ರಾಗಿಗೆ ಐದು ತಿಂಗಳು. ಬೀದಿಯಿಂದ ಎತ್ತಿಕೊಂಡು ಬಂದ ಕಂದು ಬಣ್ಣದ ನಾಟಿ ಮರಿ. ಉಚ್ಚೆ ಅಂದರೆ ಹೊರಗೇ ಅಂತ ಕಲಿಸೋಕೆ ಎರಡು ತಿಂಗಳು ಹೆಣಗಾಡಿದ್ದೆ. ಮೂರು ವಾರದಿಂದ ಮನೆಯೊಳಗೆ ಒಂದು ಹನಿ ಇರಲಿಲ್ಲ. ಹಬ್ಬದ ರಾತ್ರಿ ಅಪಾರ್ಟ್‌ಮೆಂಟಿನ ಕೆಳಗೆ ಸರಪಟಾಕಿ ಹಚ್ಚಿದರು. ಮಾರನೇ ದಿನದಿಂದ ರಾಗಿ ಲಿಫ್ಟ್ ಹತ್ತಲಿಲ್ಲ. ಸೋಫಾ ಪಕ್ಕ, ಅಡುಗೆಮನೆ, ನನ್ನ ಲ್ಯಾಪ್‌ಟಾಪ್ ಬ್ಯಾಗು, ಎಲ್ಲಾ ಕಡೆ ಉಚ್ಚೆ. ಒಂದು ದಿನ ಮೀಟಿಂಗ್ ಮಧ್ಯೆ ತಾಳ್ಮೆ ಕೆಟ್ಟು, ಅದರ ಮೂತಿಯನ್ನ ಗಲೀಜಿನ ಹತ್ತಿರ ಒತ್ತಿ ಗದರಿದೆ. ಅದು ಉಚ್ಚೆ ನಿಲ್ಲಿಸಲಿಲ್ಲ. ನನಗೆ ಕಾಣದ ಹಾಗೆ ಮಂಚದ ಕೆಳಗೆ ಹೊಯ್ಯೋದು ಕಲಿತುಕೊಂಡಿತು.

ಅಮ್ಮನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. "ನಾಯೀನ ಒಳಗೆ ಬಿಟ್ಕೊಂಡ್ರೆ ಇನ್ನೇನಾಗ್ತೈತೆ? ನಮ್ಮ ಕರಿಯ ಯಾವತ್ತಾದ್ರೂ ಹೊಸಿಲು ದಾಟಿದ್ನಾ?" ಅಂದಳು.

ನಿಜ, ದಾಟಿರಲಿಲ್ಲ. ನಮ್ಮದು ಶಿಡ್ಲಘಟ್ಟ ಕಡೆಯ ಹಳ್ಳಿ, ರೇಷ್ಮೆ ಮನೆ. ಹುಳು ಸಾಕೋ ಕೋಣೆಗೆ ಬ್ಲೀಚಿಂಗ್ ಪೌಡರ್, ಸುಣ್ಣ ಹಾಕಿ ಶುಚಿ ಮಾಡುವವರು ನಾಯಿಯನ್ನ ಒಳಗೆ ಬಿಡ್ತಾರಾ? ಕರಿಯ ಜಗಲಿ ಮೇಲೆ ಮಲಗುತ್ತಿದ್ದ, ಉಳಿದ ಮುದ್ದೆ ತಿನ್ನುತ್ತಿದ್ದ, ಹೊಲದಲ್ಲಿ ತನ್ನ ಕೆಲಸ ಮುಗಿಸಿ ಬರುತ್ತಿದ್ದ. ಅವನಿಗೆ ಯಾರೂ ಏನೂ ಕಲಿಸಲಿಲ್ಲ. ಕಲಿಸೋ ಅಗತ್ಯವೇ ಇರಲಿಲ್ಲ.

ಹಾಗಂತ ನಮ್ಮವರಿಗೆ ನಾಯಿ ಅಂದರೆ ಅಸಡ್ಡೆ ಅಂತಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಆತಕೂರಿನ ಕಲ್ಲಿದೆ, ವೀಕೆಂಡಲ್ಲಿ ಹೋಗಿ ನೋಡಿ. ಮದ್ದೂರು ತಾಲ್ಲೂಕಿನ ಈ ಶಾಸನ ಕ್ರಿ.ಶ. 949–50ರದ್ದು. ಚೋಳರ ವಿರುದ್ಧ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ದೊರೆ ಬೂತುಗ "ಏನು ಬೇಕು ಕೇಳು" ಅಂದಾಗ, ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಮುಂದೆ ಕಾಳಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿತ್ತು, ಎರಡೂ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಿಸಿದ. ಅಷ್ಟು ಮರ್ಯಾದೆ! ಆದರೆ ಕಾಳಿಯ ಕೆಲಸ ಇದ್ದದ್ದು ಕಾಡಲ್ಲಿ, ಕರಿಯನ ಕೆಲಸ ಹೊಲದಲ್ಲಿ. ಏಳನೇ ಮಹಡಿಯ ಟೈಲ್ಸ್ ಮೇಲೆ ತಡೆದುಕೊಂಡು ಕೂರು ಅನ್ನೋದು ನಾವು ಹುಟ್ಟಿಸಿದ ಹೊಸ ಕಾನೂನು.

ಕಲಿತದ್ದು ಒಂದೇ ರಾತ್ರಿಗೆ ಹೋಗಿದ್ದು ಯಾಕೆ? ಉತ್ತರ ಸಿಕ್ಕಿದ್ದು ರಷ್ಯಾದಲ್ಲಿ. ಗಂಟೆ ಶಬ್ದಕ್ಕೆ ನಾಯಿ ಜೊಲ್ಲು ಸುರಿಸೋ ಪಾವ್ಲೋವ್ ಪ್ರಯೋಗ ಸ್ಕೂಲಲ್ಲೇ ಓದಿದ್ದೀವಿ. ಆದರೆ 1924ರ ಸೆಪ್ಟೆಂಬರ್ ಕಥೆ ನಮಗೆ ಯಾರೂ ಹೇಳಿರಲಿಲ್ಲ. ಲೆನಿನ್‌ಗ್ರಾಡ್‌ನಲ್ಲಿ ಭಾರಿ ಪ್ರವಾಹ ಬಂದು ಪಾವ್ಲೋವ್‌ನ ನಾಯಿಗೂಡುಗಳಿಗೆ ನೀರು ನುಗ್ಗಿತು. ನಾಯಿಗಳನ್ನ ಈಜಿಸಿಕೊಂಡು ಕಾಪಾಡಿದರು. ಆಮೇಲೆ ನೋಡಿದರೆ ಕೆಲವು ನಾಯಿಗಳಲ್ಲಿ ಕಲಿಸಿದ ಅಭ್ಯಾಸಗಳೇ ಮಾಯ! ಅಂಥ ಒಂದು ನಾಯಿಯ ಕೋಣೆಯಲ್ಲಿ ಪ್ರಯೋಗ ಮಾಡುವವರೇ ಹೋಗಿ ಜೊತೆಗೆ ಕೂತರು. ಅಭ್ಯಾಸಗಳು ನಿಧಾನಕ್ಕೆ ವಾಪಸ್ ಬಂದವು. ಮುಂದೆ ಬಾಗಿಲ ಕೆಳಗಿಂದ ಸ್ವಲ್ಪ ನೀರು ಹರಿಸಿದಾಗ ಅದು ಮತ್ತೆ ಕೆಟ್ಟಿತು.

ಓದಿ ನಾಚಿಕೆ ಆಯ್ತು. ರಾಗಿ ಕಲಿತದ್ದರ ಮೇಲೆ ಭಯ ಕೂತಿತ್ತು, ನಾನು ಅದರ ಮೇಲೆ ಇನ್ನೊಂದು ಭಯ ಹೇರಿದ್ದೆ. ಉಚ್ಚೆ ಹೊಯ್ದು ಎಷ್ಟೋ ಹೊತ್ತಾದ ಮೇಲೆ ಗದರಿದರೆ ಮರಿಗೆ ತಪ್ಪು ಏನು ಅಂತ ತಿಳಿಯಲ್ಲ, ಯಜಮಾನ ಅಪಾಯ ಅನ್ನೋದಷ್ಟೇ ತಿಳಿಯುತ್ತೆ.

ಮೊದಲ ದಿನದಿಂದ ಮತ್ತೆ ಶುರು ಮಾಡಿದೆ. ನಿದ್ದೆ ಎದ್ದ ತಕ್ಷಣ, ಊಟ ಆದಮೇಲೆ, ಆಟ ಆದಮೇಲೆ ಹೊರಗೆ. ಲಿಫ್ಟ್ ಬೇಡ ಅಂದಾಗ ಎತ್ತಿಕೊಂಡು ಮೆಟ್ಟಿಲಿಳಿದು, ಸದ್ದಿಲ್ಲದ ಹಿಂದಿನ ಗೇಟಿಗೆ. ಅದು ಮೂಸಿ ಮೂಸಿ ಮುಗಿಸೋವರೆಗೂ ಪಕ್ಕದಲ್ಲೇ ನಿಲ್ಲೋದು, ಮುಗಿದ ಕೂಡಲೇ ಕೈಯಲ್ಲಿದ್ದ ತುಂಡು ಪನೀರ್. ಫಿನಾಯಿಲ್ ನಮ್ಮ ಮೂಗಿಗೆ ಮಾತ್ರ ವಾಸನೆ ಮುಚ್ಚುತ್ತೆ, ನಾಯಿ ಮೂಗಿಗಲ್ಲ. ಹಾಗಾಗಿ ಎನ್‌ಜೈಮ್ ಇರೋ ಕ್ಲೀನರ್ ತಂದೆ. ಒಳಗೆ ತಪ್ಪಾದರೆ ಸುಮ್ಮನೆ ಒರೆಸೋದು. ಐದು ವಾರ ಹಿಡೀತು. ನಡುವೆ ಯಾರದೋ ಮದುವೆ ಪಟಾಕಿಗೆ ಎರಡು ದಿನ ಮತ್ತೆ ಹಾಳಾಯ್ತು. ಈ ಸಲ ನಾನು ಗದರಲಿಲ್ಲ.

ಸಂಕ್ರಾಂತಿ ಆದಮೇಲೆ ಅಮ್ಮ ಬಂದಿದ್ದಳು. ನಾನು ಕಾಲ್‌ನಲ್ಲಿದ್ದೆ. ರಾಗಿ ಬಾಗಿಲ ಹತ್ತಿರ ಹೋಗಿ ಕುಂಯ್ ಅಂದಿತು. "ಲೋ, ಹೊರಗೆ ಹೋಗ್ಬೇಕಂತೆ, ನಾನೇ ಕರ್ಕೊಂಡು ಹೋಗ್ತೀನಿ" ಅಂತ ಅಮ್ಮ ಚಪ್ಪಲಿ ಮೆಟ್ಟಿಕೊಂಡಳು.